ಹಲಗೆಯಾಚೆ ನಾಲ್ಕು ಬೆರಳು ಜಾಗ

ಬೆಳಗಿನ ಜಾವ. ಬೀದಿಯಲ್ಲಿ ಗಾಡಿಗಳ ಸದ್ದು ಇನ್ನೂ ಶುರುವಾಗಿಲ್ಲ. ಮೂರಂತಸ್ತಿನ ಹಳೆಯ ಕಟ್ಟಡದ ತಾರಸಿಯ ಮೇಲೆ ಸ್ಟ್ಯಾಂಡು ಹಾಕಿ ನಿಲ್ಲಿಸಿದ ಒಂದು ಸೈಕಲ್ಲು, ಅದರ ಕ್ಯಾರಿಯರಿಗೆ ಕಟ್ಟಿದ ತಂತಿಯ ಬುಟ್ಟಿ, ಬುಟ್ಟಿಯ ತುಂಬ ಗಾಜಿನ ಹಾಲಿನ ಬಾಟಲಿಗಳು. ಪಕ್ಕದಲ್ಲಿ ಮಂಡಿಯೂರಿ ಕೂತ, ಐವತ್ತು ದಾಟಿದ ಹೆಂಗಸೊಬ್ಬರು ಒಂದು ಕೈಯಲ್ಲಿ ಮೈಕು ಹಿಡಿದು ಇನ್ನೊಂದು ಕೈಯಿಂದ ಸೈಕಲ್ಲನ್ನು ಮೆಲ್ಲಗೆ ಕುಲುಕುತ್ತಿದ್ದಾರೆ. ಬಾಟಲಿಗಳು ಒಂದಕ್ಕೊಂದು ತಾಗುತ್ತವೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡು, ಒಂದು ಬಾಟಲಿಯ ಹಾಲನ್ನು ಪಾತ್ರೆಗೆ ಬಗ್ಗಿಸಿ, ಖಾಲಿ ಬಾಟಲಿಯನ್ನು ಬುಟ್ಟಿಯಲ್ಲಿಟ್ಟು ಮತ್ತೆ ಕುಲುಕುತ್ತಾರೆ. ಈಗ ಸದ್ದು ಬೇರೆ.

"ಕೇಳಿಸ್ತಾ?" ಎಂದು ಪಿಸುಗುಟ್ಟುತ್ತಾರೆ. "ತುಂಬಿದ ಕೊಡ ತುಳುಕಲ್ಲ ಅಂತಾರಲ್ಲ, ಬಾಟಲಿನೂ ಹಾಗೇ. ಖಾಲಿ ಆಗ್ತಾ ಆಗ್ತಾ ಬಾಯಿ ಜಾಸ್ತಿ."

ಬಾಟಲಿಯಲ್ಲಿರುವುದು ನಿಜವಾದ ಹಾಲೇ. ಮೊದಲು ನೀರು ತುಂಬಿಸಿ ನೋಡಿದ್ದರಂತೆ, ಮನಸ್ಸಿಗೆ ಒಪ್ಪಲಿಲ್ಲವಂತೆ. "ಹಾಲಿನವನ ಬಾಟಲಿಗೆ ನೀರು ಹಾಕೋ ಕೆಲಸ ಅವನೇ ಮಾಡ್ಕೊಳ್ಳಲಿ, ನಾನ್ಯಾಕೆ ಮಾಡ್ಲಿ?" ಎಂದು ನಗುತ್ತಾರೆ. ಅಷ್ಟರಲ್ಲಿ ನೀರಿನ ತೊಟ್ಟಿಯ ಮೇಲೆ ಬಂದು ಕೂತ ಕಾಗೆಯೊಂದು ಬಾಯಿ ತೆರೆಯುತ್ತದೆ. ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ. ಅವರು ಕಾಗೆಯತ್ತ ಒಮ್ಮೆ ದುರುಗುಟ್ಟಿ ನೋಡಿ, ಪಾತ್ರೆಯ ಹಾಲನ್ನು ಮರಳಿ ಬಾಟಲಿಗೆ ತುಂಬಿಸಿ, ಮೊದಲಿನಿಂದ ಶುರು ಮಾಡುತ್ತಾರೆ.

ಈ ಸದ್ದು ಸಿನಿಮಾಕ್ಕಲ್ಲ, ನಾಟಕಕ್ಕಲ್ಲ. ಒಂದು ವಿಡಿಯೊ ಗೇಮಿಗೆ. ಆಟದಲ್ಲಿ ನೀವೇ ಹಾಲಿನವರು. ಸೈಕಲ್ಲು ತುಳಿಯುತ್ತ, ಬೆಟ್ಟದ ಬುಡದ ಊರೊಂದರಲ್ಲಿ ಮನೆಮನೆಗೆ ಬಾಟಲಿ ಹಾಕಬೇಕು. ಇಪ್ಪತ್ತು ವರ್ಷಗಳಿಗೂ ಹಿಂದೆ ಈ ಆಟ ಬಂದಾಗ ಮಕ್ಕಳು ಊಟ ಬಿಟ್ಟು ಆಡಿದ್ದರು, ಬಯ್ಯಲು ಬಂದ ದೊಡ್ಡವರು ಪಕ್ಕದಲ್ಲಿ ಕೂತು "ನನಗೊಂದ್ಸಲ ಕೊಡು" ಅಂದಿದ್ದರು. ಈಗ ಅದೇ ಆಟ ಹೊಸ ಬಟ್ಟೆ ತೊಟ್ಟು ಫೋನಿಗೂ ದೊಡ್ಡ ಪರದೆಗೂ ಬರಲಿದೆ. ಹಳೆಯ ಸದ್ದುಗಳು ಇಂದಿನ ಕಿವಿಗೆ ಸಾಲವು ಎಂದು ಅವರು ಮತ್ತೆ ತಾರಸಿ ಹತ್ತಿದ್ದಾರೆ. ಬುಟ್ಟಿ ಖಾಲಿಯಾದಂತೆ ಸದ್ದು ಬದಲಾಗುವುದು ಆಡುವವರಲ್ಲಿ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ.

"ಗೊತ್ತಾಗಬಾರದು," ಎನ್ನುತ್ತಾರೆ. "ಆದ್ರೆ ಕೊನೇ ಮನೆ ಹತ್ರ ಬಂದಾಗ ಯಾಕೋ ಮನಸ್ಸು ಹಗುರ ಆಗುತ್ತೆ ನೋಡಿ, ಆ 'ಯಾಕೋ' ಇದೆಯಲ್ಲ, ಅದು ನನ್ನ ಕೆಲಸ."

ಕಚೇರಿಯಲ್ಲಿ ಅವರನ್ನು ಎಲ್ಲರೂ ಕರೆಯುವುದು 'ಚಿಲ್ಲರೆ ಅಕ್ಕ' ಎಂದು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಕಥೆ ಕಟ್ಟುವವರು, ಚಿತ್ರ ಬಿಡಿಸುವವರು, ಸಂಗೀತ ಹಾಕುವವರು, ಪ್ರೋಗ್ರಾಮ್ ಬರೆಯುವವರು, ಹೀಗೆ ದೊಡ್ಡ ಕೆಲಸಗಳಿಗೆಲ್ಲ ದೊಡ್ಡ ಜನ ಇದ್ದಾರೆ. ಇವರೆಲ್ಲರ ಕೈತಪ್ಪಿ ಉದುರಿದ ಚೂರುಪಾರು ಕೆಲಸಗಳು ಕಿಟಕಿಯ ಪಕ್ಕದ ಅಕ್ಕನ ಮೇಜಿಗೆ ಬಂದು ಸೇರುತ್ತವೆ. ಆಟ ಮುಗಿದ ಮೇಲೆ ತೆರೆಯ ಮೇಲೆ ಸಾಗುವ ಹೆಸರುಗಳ ಸಾಲಿನಲ್ಲಿ ಅವರ ಹೆಸರು ಬರುವುದು 'ಇತರೆ' ಎಂಬ ತಲೆಬರಹದ ಕೆಳಗೆ, ಟೀ ತಂದುಕೊಡುವವರ ಹೆಸರಿನ ಪಕ್ಕ. ಅಷ್ಟು ಹೊತ್ತಿಗೆ ಆಡಿದವರು ಎದ್ದು ಹೋಗಿರುತ್ತಾರೆ.

ಬೇಜಾರಿಲ್ಲವೇ ಎಂದು ಕೇಳಿದರೆ ಅಕ್ಕನ ಬಳಿ ಉತ್ತರ ಸಿದ್ಧವಾಗಿರುತ್ತದೆ. "ನೋಟು ಎಲ್ಲರ ಜೇಬಲ್ಲೂ ಇರುತ್ತೆ. ಚಿಲ್ಲರೆ ನೆನಪಾಗೋದು ಬಸ್ಸು ಹತ್ತಿದ ಮೇಲೇ. ಮತ್ತೆ, ಟೀ ತರೋರ ಪಕ್ಕ ಇರೋದು ನಷ್ಟ ಅಂದ್ಕೊಂಡ್ರಾ? ಬಿಸಿಬಿಸಿ ಟೀ ಮೊದಲು ಬರೋದು ನನ್ನ ಮೇಜಿಗೇ."

ಅಕ್ಕನ ಚಿಲ್ಲರೆಯ ಗಂಟು ಬಿಚ್ಚಿಸಿದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಆಡುವವರು ಗುಂಡಿ ಒತ್ತದೆ ಸುಮ್ಮನೆ ಕೂತರೆ ಪರದೆಯ ಮೇಲಿನ ಹಾಲಿನವನು ಒಂದು ಕಾಲು ನೆಲಕ್ಕೂರಿ, ಟೋಪಿ ತೆಗೆದು ಹಣೆ ಒರೆಸಿಕೊಳ್ಳುತ್ತಾನೆ. ಇನ್ನೂ ಕಾಯಿಸಿದರೆ ನಿಮ್ಮ ಕಡೆ ತಿರುಗಿ, ಏನು ಸಮಾಚಾರ ಎಂಬಂತೆ ಹುಬ್ಬು ಹಾರಿಸುತ್ತಾನೆ. ಮೊದಲ ದಿನ ಬೊಗಳುವ ನಾಯಿ ಎರಡನೆಯ ದಿನ ಗುರುಗುಟ್ಟುತ್ತದೆ, ಮೂರನೆಯ ದಿನ ಬಾಲ ಆಡಿಸುತ್ತ ಬೀದಿಯ ಕೊನೆಯವರೆಗೆ ಬೀಳ್ಕೊಡಲು ಬರುತ್ತದೆ. ಅದರಿಂದ ಅಂಕ ಹೆಚ್ಚುವುದಿಲ್ಲ, ಬಹುಮಾನವೂ ಇಲ್ಲ. ನಾಯಿ ಬರುತ್ತದೆ, ಅಷ್ಟೇ.

ಸೈಕಲ್ಲಿನಿಂದ ಬಿದ್ದಾಗ 'ನೀವು ಸೋತಿರಿ' ಎಂಬ ದೊಡ್ಡಕ್ಷರವೂ ಶೋಕದ ಸಂಗೀತವೂ ಬರಬೇಕು ಎಂದು ಮೊದಲು ತೀರ್ಮಾನವಾಗಿತ್ತಂತೆ. ಅಕ್ಕ ಪಟ್ಟು ಹಿಡಿದು ಅದನ್ನು ತೆಗೆಸಿದರು. ಈಗ ಬಿದ್ದವನು ತಕ್ಷಣ ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡು, ಯಾರಾದರೂ ನೋಡಿದರಾ ಎಂದು ಆಚೀಚೆ ಕಣ್ಣಾಡಿಸಿ ಸೈಕಲ್ಲು ಹತ್ತುತ್ತಾನೆ. "ಬಿದ್ದೋರನ್ನ ನೋಡಿ ನಗೋ ಜನ ಹೊರಗಡೆ ಬೇಕಾದಷ್ಟಿದ್ದಾರೆ. ದುಡ್ಡು ಕೊಟ್ಟು ಆಡೋ ಆಟದಲ್ಲೂ ಅವರೇ ಬೇಕಾ?"

ಇನ್ನೊಂದು ಆಟದಲ್ಲಿ ಕೋಟೆ ಕಾಯುವವನ ತಲೆಯ ಮೇಲೆ ಅವನಲ್ಲಿ ಉಳಿದಿರುವ ಶಕ್ತಿಯನ್ನು ತೋರಿಸುವ ಕೆಂಪು ಪಟ್ಟಿಯಿದೆ. ಅದರ ಕೊನೆಯ ಚೂರು ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚು ಹೊತ್ತು ಬಾಳುತ್ತದೆ. ಹಾಗಾಗಿ ಆಡುವವರು ಆಗಾಗ ಕೂದಲೆಳೆಯಲ್ಲಿ ಬಚಾವಾಗಿ, ಎದೆ ಹಿಡಿದುಕೊಂಡು ಉಸಿರು ಬಿಡುತ್ತಾರೆ. ಇದು ಸುಳ್ಳಲ್ಲವೇ? ಅಕ್ಕ ಹೌದೆನ್ನುತ್ತಾರೆ. "ಡಬ್ಬಿಲಿ ಬಿಸ್ಕತ್ತು ಮುಗೀತು ಅಂತ ಹೇಳಿ ಅಮ್ಮ ಒಂದೆರಡು ಎತ್ತಿಟ್ಟಿರ್ತಾಳಲ್ಲ, ಆ ಥರದ ಸುಳ್ಳು."

ಇದನ್ನೆಲ್ಲ ಯಾವ ಶಾಲೆಯಲ್ಲಿ ಕಲಿತಿರಿ ಎಂದರೆ ಅಕ್ಕ ಹೇಳುವುದು ಬಸ್ ಡಿಪೊ ಎದುರಿಗಿದ್ದ ಗೇಮ್ ಅಂಗಡಿಯ ಹೆಸರು. ಅವರ ಅಪ್ಪ ಬಸ್ ಡ್ರೈವರು. ಶಾಲೆ ಬಿಟ್ಟ ಮೇಲೆ ಅಪ್ಪನ ಪಾಳಿ ಮುಗಿಯುವವರೆಗೆ ಹುಡುಗಿ ಎಲ್ಲಾದರೂ ಕೂತಿರಬೇಕಲ್ಲ, ಅಪ್ಪನ ಸ್ನೇಹಿತರಾಗಿದ್ದ ಅಂಗಡಿಯವರು ಮೂಲೆಯಲ್ಲೊಂದು ಸ್ಟೂಲು ಹಾಕಿಕೊಟ್ಟಿದ್ದರು. ಬೀರುವಿನಷ್ಟು ಎತ್ತರದ ಯಂತ್ರಗಳು. ಬಿಸಿಯೇರಿದ ತಂತಿಯ ವಾಸನೆ. ನೂರು ಬೆರಳು ತಾಗಿ ಬಣ್ಣ ಹೋದ ಗುಂಡಿಗಳು. ಬಾಗಿಲಿಗೆ ದಪ್ಪನೆಯ ಪರದೆ ಹಾಕಿದ್ದರಿಂದ ಒಳಗೆ ಹಗಲು ಯಾವುದು, ಸಂಜೆ ಯಾವುದು ತಿಳಿಯುತ್ತಿರಲಿಲ್ಲ. ಆ ಅಂಗಡಿ ಈಗಿಲ್ಲ, ಅಲ್ಲೊಂದು ಔಷಧಿ ಅಂಗಡಿಯಿದೆ. ತಲೆನೋವಿನ ಮಾತ್ರೆ ಬೇಕಾದರೆ ಅಕ್ಕ ಇವತ್ತಿಗೂ ಎರಡು ಬೀದಿ ಸುತ್ತಿ ಅಲ್ಲಿಗೇ ಹೋಗುತ್ತಾರೆ.

"ನನ್ನ ಕೈಯಲ್ಲಿ ನಾಣ್ಯ ಇರ್ತಿರಲಿಲ್ಲ. ಇದ್ದಿದ್ರೂ ಹುಡುಗೀಗೆ ಜಾಗ ಬಿಡೋರು ಯಾರು? ಅದಕ್ಕೇ ಪರದೆ ನೋಡೋದು ಬಿಟ್ಟು ಆಡೋರ ಮುಖ ನೋಡ್ತಾ ಕೂರ್ತಿದ್ದೆ. ಸೋತವರಲ್ಲಿ ಕೆಲವರು ಯಂತ್ರಕ್ಕೆ ಒದ್ದು ಹೋಗೋರು. ಅವರು ಮಾರನೇ ದಿನ ಗ್ಯಾರಂಟಿ ವಾಪಸ್. ಕೆಲವರು ಸದ್ದಿಲ್ಲದೆ ಎದ್ದು ಹೋಗೋರು. ಅವರು ಬರ್ತಾನೇ ಇರಲಿಲ್ಲ. 'ನನ್ನ ಕೈಲಾಗಲ್ಲ' ಅಂತ ಮುಖದಲ್ಲಿ ಬರೆದಿರ್ತಿತ್ತು."

ಪಾಳಿ ಮುಗಿಸಿದ ಅಪ್ಪ ಡಿಪೊದಿಂದಲೇ ಹಾರನ್ನು ಒತ್ತುತ್ತಿದ್ದರು. ಆ ಹಾರನ್ನಿಗೆ ಇಡೀ ಅಂಗಡಿ "ಹೋಗಮ್ಮಾ, ನಿನ್ನ ರಥ ಬಂತು" ಎಂದು ಕೂಗುತ್ತಿತ್ತು. ಮಾರ್ಕೆಟ್ಟಿನ ಇಕ್ಕಟ್ಟಿನಲ್ಲಿ, ಕನ್ನಡಿಗೂ ಗೋಡೆಗೂ ನಡುವೆ ಒಂದಂಗೈ ಜಾಗವಿದ್ದರೆ ಸಾಕು, ಅಪ್ಪ ಬಸ್ಸನ್ನು ಹೂವೆತ್ತಿದ ಹಾಗೆ ತಿರುಗಿಸುತ್ತಿದ್ದರಂತೆ. ಬೇರೆ ಡ್ರೈವರುಗಳು ಟೀ ಕುಡಿಯುವುದು ಬಿಟ್ಟು ನೋಡಲು ಬರುತ್ತಿದ್ದರಂತೆ. ಇದನ್ನು ಹೇಳುವಾಗ ಅಕ್ಕನ ಕೈಗಳು ತಾವಾಗಿಯೇ ಗಾಳಿಯಲ್ಲಿ ದೊಡ್ಡದೊಂದು ಸ್ಟೇರಿಂಗು ಹಿಡಿಯುತ್ತವೆ.

ಆ ಅಪ್ಪನ ಕೈ ನಡುಗಲು ಶುರುವಾಯಿತು. ಮೊದಲು ಬಲಗೈ, ಆಮೇಲೆ ಎರಡೂ. ಯಾರೂ ಹೇಳುವ ಮೊದಲೇ ಒಂದು ಸಂಜೆ ಅವರು ಡಿಪೊಗೆ ಹೋಗಿ ಕೀಲಿ ಕೊಟ್ಟು ನಡೆದು ಮನೆಗೆ ಬಂದರು. ದಾರಿಯುದ್ದಕ್ಕೂ ಗೊತ್ತಿದ್ದ ಬಸ್ಸುಗಳು ಪಕ್ಕದಲ್ಲಿ ನಿಧಾನಿಸಿ ಹತ್ತಿಕೊಳ್ಳಿ ಅಂದರೂ ಹತ್ತಲಿಲ್ಲವಂತೆ. ಆಮೇಲಿನ ದಿನಗಳಲ್ಲಿ ಕಿಟಕಿಯ ಪಕ್ಕ ಕೂತು, ಹೋಗುವ ಬಸ್ಸುಗಳ ಗೇರು ಬದಲಾಗುವ ಸದ್ದು ಕೇಳಿ "ಇವನಿಗೆ ಕ್ಲಚ್ಚು ಬಿಡೋಕೆ ಬರಲ್ಲ" ಎಂದು ಬಯ್ಯುವುದೇ ಅವರ ಕೆಲಸವಾಯಿತು.

"ಅಮ್ಮ ಏನು ಮಾಡಿದ್ಳು ಗೊತ್ತಾ? ಅಪ್ಪನಿಗೆ ಟೀ ಅರ್ಧ ಲೋಟ ಕೊಡೋಕೆ ಶುರು ಮಾಡಿದ್ಳು. ತುಂಬಾ ಕೊಟ್ರೆ ಚೆಲ್ಲುತ್ತಲ್ಲ. 'ಸಕ್ಕರೆ ಸರಿ ಇದೆಯಾ ನೋಡಿ' ಅಂತ ಕೊಡೋಳು. ಅಪ್ಪ ಕುಡಿದು ಸರಿ ಇದೆ ಅಂದ್ಮೇಲೆ ಇನ್ನರ್ಧ. ದಿನಾ ಸಕ್ಕರೆ ನೋಡೋದು, ದಿನಾ ಸರಿ ಇರೋದು! ಒಂದು ದಿನಾನೂ 'ನಿಮ್ಮ ಕೈ ನಡುಗುತ್ತೆ, ಅದಕ್ಕೇ' ಅನ್ನಲಿಲ್ಲ." ಅಕ್ಕ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಕನ್ನಡಕ ಕೊಳೆಯಾಗಿರಲಿಲ್ಲ.

ಅದೇ ಹೊತ್ತಿಗೆ ಅಕ್ಕ ಈ ಕಂಪನಿಗೆ ಸೇರಿ ಕೆಲವು ವರ್ಷವಾಗಿತ್ತು. ಕನ್ನಡಕದ ಅಂಗಡಿಯೊಂದರ ಮೇಲಿನ ಎರಡು ಕೋಣೆ, ಬೆರಳೆಣಿಕೆಯ ಜನ. ಟೈಪು ಮಾಡಲು ಸೇರಿದವರು ನೋಡಿ ನೋಡಿಯೇ ಪ್ರೋಗ್ರಾಮ್ ಬರೆಯಲು ಕಲಿತಿದ್ದರು. ಹಾಲಿನವನ ಆಟ ತಯಾರಾಗುತ್ತಿತ್ತು. ಕೆಲಸ ಮುಗಿಯದಿದ್ದಾಗ ಒಂದು ಕಂಪ್ಯೂಟರನ್ನು ಆಟೊದಲ್ಲಿ ಹಾಕಿಕೊಂಡು ಮನೆಗೆ ತರುತ್ತಿದ್ದರು. ಒಂದು ಭಾನುವಾರ ಅಪ್ಪ ಕಿಟಕಿ ಬಿಟ್ಟು ಬಂದು ಪಕ್ಕದಲ್ಲಿ ಕೂತು, "ಸೈಕಲ್ಲಾ? ತಾ ಇಲ್ಲಿ" ಎಂದರು.

ಆಟದ ಆ ಊರಿನ ಕೊನೆಯ ಮನೆ ಕಾಲುವೆಯ ಆಚೆ ಇದೆ. ಕಾಲುವೆಗೆ ಅಡ್ಡವಾಗಿ ಒಂದು ಹಲಗೆ. ಅದರ ಮೇಲೆ ಸೈಕಲ್ಲು ದಾಟಿಸಿ ಕೊನೆಯ ಬಾಟಲಿ ಕೊಟ್ಟರೆ ಮಾತ್ರ ಆ ದಿನ ಮುಗಿದಂತೆ. ಅಪ್ಪ ಬಿದ್ದರು. ಮತ್ತೆ ಹತ್ತಿದರು, ಮತ್ತೆ ಬಿದ್ದರು. ಬೆರಳು ನಡುಗಿದಾಗ ಪರದೆಯ ಸೈಕಲ್ಲೂ ನಡುಗುತ್ತಿತ್ತು. "ನಿನ್ನ ಸೈಕಲ್ಲಿನ ಹ್ಯಾಂಡಲ್ಲು ಸರಿ ಇಲ್ಲಮ್ಮ, ಬಿಗಿ ಮಾಡ್ಸು," ಎಂದು ಎದ್ದು ಹೋದರು. ಗೇಮ್ ಅಂಗಡಿಯಿಂದ ಸದ್ದಿಲ್ಲದೆ ಎದ್ದು ಹೋಗುತ್ತಿದ್ದವರ ಮುಖ ಅಪ್ಪನ ಮುಖದಲ್ಲಿ ಮಗಳಿಗೆ ಕಂಡಿತು.

ಆಗ ಅಕ್ಕ ಹ್ಯಾಂಡಲ್ಲು ಬಿಗಿ ಮಾಡಲಿಲ್ಲ, ಹಲಗೆಯನ್ನು ಸಡಿಲ ಮಾಡಿದರು. ಕಣ್ಣಿಗೆ ಹಲಗೆ ಅಷ್ಟೇ ಕಿರಿದು. ಆದರೆ ಚಕ್ರ ಅದರ ಅಂಚು ದಾಟಿ ಸ್ವಲ್ಪ ಆಚೆ ಹೋದರೂ ಆಟ ಅದನ್ನು ಕಂಡೂ ಕಾಣದ ಹಾಗೆ ಸುಮ್ಮನಿರುತ್ತದೆ. ಹಾಲಿನವನು ಮಾತ್ರ ಈಗ ಬಿದ್ದೆ, ಆಗ ಬಿದ್ದೆ ಎಂಬಂತೆ ತೂಗಾಡುತ್ತಾನೆ, ಬಾಟಲಿಗಳು ಗಲಗಲ ಅನ್ನುತ್ತವೆ, ಆಡುವವರ ಜೀವ ಬಾಯಿಗೆ ಬರುತ್ತದೆ. ಒಂದು ವಾರ ಒಂದು ಬೆರಳು ಜಾಗ ಬಿಟ್ಟರು. ಸಾಲಲಿಲ್ಲ. ಮುಂದಿನ ವಾರ ಎರಡು. ಹೀಗೆ ಬಿಡುತ್ತ ಬಿಡುತ್ತ ನಾಲ್ಕು ಬೆರಳಿಗೆ ಬಂದಾಗ ಅಪ್ಪ ದಾಟಿದರು.

"ಬನಿಯನ್ನಲ್ಲೇ ಬೀದಿಗೆ ಹೋಗ್ಬಿಟ್ರು! ಪಕ್ಕದ ಮನೆಯೋರನ್ನ, ಎದುರು ಮನೆಯೋರನ್ನ ಎಲ್ಲ ಕರೆದು ಕೂರಿಸಿ ಮತ್ತೆ ದಾಟಿ ತೋರಿಸಿದ್ರು. 'ಬಸ್ಸು ಓಡಿಸಿದೋನಿಗೆ ಸೈಕಲ್ಲು ಯಾವ ಲೆಕ್ಕ ಕಣ್ರೀ' ಅಂತ. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡ್ತಿದ್ಳು. ಅವಳಿಗೆ ಗೊತ್ತಾಗಿತ್ತು. ನಗ್ತಾ ಒಳಗೆ ಹೋದ್ಳು."

ಈ ಸಡಿಲಿಕೆ ಮನೆಯಲ್ಲಿದ್ದ ಪ್ರತಿಗೆ ಮಾತ್ರ ಇರಬೇಕಿತ್ತು. ಲೋಕಕ್ಕೆ ಹೋಗುವ ಆಟದಲ್ಲಿ ಹಲಗೆ ಕಂಡಷ್ಟೇ ಇರಬೇಕೆಂದು ಕಚೇರಿಯಲ್ಲಿ ತೀರ್ಮಾನವಾಗಿತ್ತು. ಆದರೆ ಕೊನೆಯ ವಾರದ ಗಡಿಬಿಡಿಯಲ್ಲಿ ಕಚೇರಿಯ ಕಂಪ್ಯೂಟರು ಕೈಕೊಟ್ಟು ಕಾಲುವೆಯ ಭಾಗ ಅಳಿಸಿಹೋಯಿತು. ಅದನ್ನು ಅಕ್ಕ ಮನೆಯ ಪ್ರತಿಯಿಂದ ತಂದು ಸೇರಿಸಿದರು. ಅಪ್ಪನ ಹಲಗೆಯೂ ಅದರೊಂದಿಗೆ ಹೋಯಿತು. ಗೊತ್ತಾಗುವ ಹೊತ್ತಿಗೆ ಆಟ ಅಂಗಡಿಗಳಲ್ಲಿತ್ತು. ಆಗಿನ ಯಜಮಾನರ ಮುಂದೆ ಹೋಗಿ ನಿಂತು, ತಪ್ಪಾಯಿತು ಎಂದು ಒಪ್ಪಿಕೊಂಡರೆ ಅವರು ತಲೆ ಕೆರೆದುಕೊಂಡರಂತೆ. "ಆ ಹಲಗೆ ಕಷ್ಟ, ಆದ್ರೆ ಸಕತ್ತಾಗಿದೆ ಅಂತ ಜನ ಹೊಗಳ್ತಿದ್ದಾರಲ್ಲಮ್ಮ. ಹೊಗಳಿ ಮುಗಿಸಲಿ, ಆಮೇಲೆ ಸರಿ ಮಾಡೋಣ." ಜನ ಹೊಗಳುವುದನ್ನು ನಿಲ್ಲಿಸಲಿಲ್ಲ. ಯಜಮಾನರು ತೀರಿಕೊಂಡರು. ಅವರಿಗೂ ಮೊದಲು ಅಪ್ಪ ಹೋದರು. ಹಲಗೆಯ ಗುಟ್ಟು ಅಕ್ಕ ಮತ್ತು ಅಮ್ಮನ ನಡುವೆ ಉಳಿಯಿತು.

ಈ ಬೇಸಗೆಯಲ್ಲಿ ಅದು ಹೊರಬಿತ್ತು. ಹೊಸ ಆವೃತ್ತಿಗಾಗಿ ಹಳೆಯ ಪ್ರೋಗ್ರಾಮನ್ನು ಸಾಲುಸಾಲಾಗಿ ಓದುತ್ತಿದ್ದ ತಂಡ ಹಲಗೆಯ ಬಳಿ ತಡವರಿಸಿ ನಿಂತಿತು. ಚಕ್ರ ಗಾಳಿಯಲ್ಲಿದ್ದರೂ ಬೀಳುತ್ತಿಲ್ಲ, ಕಾರಣ ಬರೆದಿಲ್ಲ. 'ದೋಷ, ಸರಿಪಡಿಸಿ' ಎಂದು ಗುರುತು ಹಾಕಿದರು. ಅವರದೇನೂ ತಪ್ಪಿಲ್ಲ. ಹಳೆಯ ಮಸುಕು ಪರದೆಯಲ್ಲಿ ಯಾರಿಗೂ ಕಾಣದಿದ್ದದ್ದು ಇಂದಿನ ಹೊಳಪಿನಲ್ಲಿ ಎದ್ದು ಕಾಣುತ್ತದೆ. ನಾಲ್ಕು ಬೆರಳು ಆಚೆ, ಬರೀ ಗಾಳಿಯ ಮೇಲೆ ಸೈಕಲ್ಲಿನ ಚಕ್ರ!

ತಂಡದ ಮುಖ್ಯಸ್ಥರು ಮೂವತ್ತರ ಆಸುಪಾಸಿನವರು, ಮಾತು ಮೆತ್ತಗೆ, ಅಕ್ಕನೆಂದರೆ ಗೌರವ. ಚಿಕ್ಕಂದಿನಲ್ಲಿ ಇದೇ ಆಟ ಆಡಿ ಬೆಳೆದವರು. ಕೆಲಸಕ್ಕೆ ಸೇರಿದ ಮೊದಲ ದಿನವೇ ಎಲ್ಲರಿಗೂ ಒಂದು ಕಥೆ ಹೇಳಿದ್ದರು. ಅವರ ಅಣ್ಣ ಓದಿನಲ್ಲಿ ಮುಂದು, ಓಟದಲ್ಲಿ ಮುಂದು, ಈಜಿನಲ್ಲಿ ಮುಂದು. ಮನೆಗೆ ಬಂದವರೆಲ್ಲ ಅಣ್ಣನ ಬೆನ್ನು ತಟ್ಟುತ್ತಿದ್ದರು. ಆದರೆ ಹಲಗೆಯ ಮೇಲೆ ಸೈಕಲ್ಲು ದಾಟಿಸಲು ಅಣ್ಣನಿಂದ ಆಗಲಿಲ್ಲ, ತಮ್ಮ ದಾಟಿಸಿದ. "ಅವತ್ತು ನಾನೂ ಒಬ್ಬ ಮನುಷ್ಯ ಅನ್ನಿಸ್ತು," ಎಂದಿದ್ದರು. ಈ ಉದ್ಯೋಗ ಹಿಡಿದದ್ದೂ ಅದೇ ಗುಂಗಿನಲ್ಲಂತೆ. ಅಂದು ಟೀ ಹೀರುತ್ತ ಆ ಕಥೆ ಕೇಳಿದ ಅಕ್ಕ ನಾಲಿಗೆ ಕಚ್ಚಿಕೊಂಡು ಸುಮ್ಮನಿದ್ದರು.

ಈಗ ಸುಮ್ಮನಿದ್ದರೆ ಹಲಗೆ ಹೋಗುತ್ತದೆ. ಅಕ್ಕ ತಮಗೆ ತಿಳಿದಷ್ಟು ವಾದ ಮಾಡಿದರು. ಮುಖ್ಯಸ್ಥರು ತಾಳ್ಮೆಯಿಂದ ಕೇಳಿ ಒಂದು ದಾರಿ ತೋರಿಸಿದರು. "ತೆಗೆಯೋದು ಬೇಡ ಅಕ್ಕ. ಆಟದ ಶುರುವಿನಲ್ಲಿ 'ಸಹಾಯ ಬೇಕೇ?' ಅಂತ ಒಂದು ಗುಂಡಿ ಇಡೋಣ. ಬೇಕಾದೋರು ಒತ್ಕೊಳ್ಲಿ. ಹೇಳಿ ಮಾಡಿದ ಹಾಗಿರುತ್ತೆ, ಯಾರಿಗೂ ಮೋಸ ಇಲ್ಲ." ನ್ಯಾಯವಾದ ಮಾತು. ಕೋಣೆಯಲ್ಲಿದ್ದ ಎಲ್ಲರೂ ತಲೆಯಾಡಿಸಿದರು. ಅಕ್ಕನ ತಲೆ ಮಾತ್ರ ಆಡಲಿಲ್ಲ.

"ಒಳ್ಳೇ ಮನಸ್ಸಿಂದಾನೇ ಹೇಳಿದ್ದು ಪಾಪ," ಎನ್ನುತ್ತಾರೆ ಅಕ್ಕ. "ಆದ್ರೆ ನಮ್ಮಪ್ಪ ಆ ಗುಂಡಿ ಒತ್ತುತ್ತಿದ್ರಾ? ಸತ್ರೂ ಒತ್ತುತ್ತಿರಲಿಲ್ಲ. ಎದ್ದು ಹೋಗಿ ಕಿಟಕಿ ಹತ್ರ ಕೂರ್ತಿದ್ರು. ಸಹಾಯ ಬೇಕಾ ಅಂತ ಬೋರ್ಡು ಹಾಕಿದ್ರೆ, ಅದರ ಕೆಳಗೆ ಹೋಗಿ ನಿಲ್ಲೋಕೆ ಎಲ್ಲರಿಗೂ ಆಗಲ್ಲ."

ಬೇರೆ ದಾರಿ ಕಾಣದೆ ಅಕ್ಕ ಮುಖ್ಯಸ್ಥರನ್ನು ಮೆಟ್ಟಿಲ ಬಳಿಗೆ ಕರೆದು ಎಲ್ಲವನ್ನೂ ಹೇಳಿದರು. ಅಪ್ಪನ ಕೈ, ವಾರವಾರವೂ ಬಿಟ್ಟ ಬೆರಳು, ಮನೆಯ ಪ್ರತಿ ಲೋಕಕ್ಕೆ ಹೋದ ಕಥೆ. ಹೇಳುತ್ತಿದ್ದ ಹಾಗೆ ಎದುರಿಗಿದ್ದ ಮುಖ ಇಳಿಯುವುದು ಕಂಡಿತು. ಆಗ ಹೊಳೆಯಿತು, ತಾನು ಯಾರಿಗೆ ಏನು ಹೇಳುತ್ತಿದ್ದೇನೆ ಎಂದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಹಾಗಾದ್ರೆ ನಾನು ದಾಟಿದ್ದಲ್ಲ ಅನ್ನಿ," ಎಂದರು ಮುಖ್ಯಸ್ಥರು. "ನೀವು ದಾಟಿಸಿದ್ದು."

ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟು ಒಳಗೆ ಹೋದರು. ಅಂದು ಶುಕ್ರವಾರ. ಶನಿವಾರ, ಭಾನುವಾರ ಅಕ್ಕನಿಗೆ ಅನ್ನ ಸೇರಲಿಲ್ಲ, ನಿದ್ದೆ ಬರಲಿಲ್ಲ. ಅಪ್ಪನ ಹಲಗೆ ಉಳಿಸಿಕೊಳ್ಳಲು ಹೋಗಿ ಇನ್ನೊಬ್ಬರ ಬಾಲ್ಯದ ಒಂದೇ ಒಂದು ಗೆಲುವನ್ನು ಕಿತ್ತುಕೊಂಡೆನಲ್ಲ ಎಂಬ ಸಂಕಟ. "ಹಲಗೆ ಹೋದ್ರೆ ಹೋಗ್ಲಿ ಅನ್ನಿಸಿಬಿಡ್ತು. ಅಪ್ಪ ಏನು ನೋಡೋಕೆ ಬರ್ತಾರಾ? ಆದ್ರೆ ಆ ಮುಖಕ್ಕೆ ನಾನೇನು ಉತ್ತರ ಕೊಡ್ಲಿ?" ಅಮ್ಮನಿಗೆ ಹೇಳಿಕೊಂಡರೆ ಅಮ್ಮ, "ಬಿಸಿ ಮಾತು, ಆರೋಕೆ ಬಿಡು," ಎಂದು ಬಟ್ಟೆ ಮಡಚುತ್ತ ಕೂತರಂತೆ.

ಸೋಮವಾರ ಮುಖ್ಯಸ್ಥರು ಎಲ್ಲರಿಗಿಂತ ಮೊದಲು ಬಂದಿದ್ದರು. ಭಾನುವಾರ ಅಣ್ಣನ ಮನೆಗೆ ಹೋಗಿದ್ದರಂತೆ. ಊಟದ ಹೊತ್ತಿಗೆ, "ನಾನು ಅವತ್ತು ದಾಟಿದ್ದು ಸುಳ್ಳಂತೆ ಕಣೋ. ಆ ಹಲಗೇಲಿ ಸಹಾಯ ಇಟ್ಟಿದ್ರಂತೆ. ನಿನ್ನೆದುರು ಇಷ್ಟು ವರ್ಷ ಸುಮ್ನೆ ಜಂಬ ಕೊಚ್ಚಿದೆ," ಎಂದು ಹೇಳಿಕೊಂಡರು. ಅಣ್ಣ ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು ತಮ್ಮನನ್ನು ನೋಡಿ, ಮನೆಯವರೆಲ್ಲ ಓಡಿ ಬರುವಷ್ಟು ಜೋರಾಗಿ ನಕ್ಕುಬಿಟ್ಟರಂತೆ.

"ಲೋ ಪೆದ್ದೇ, ಅದೇ ಹಲಗೆ ನಂಗೂ ಇತ್ತಲ್ಲೋ! ನಾನ್ಯಾಕೆ ಬಿದ್ದೆ ಮತ್ತೆ?"

ಈ ಮಾತನ್ನು ಮುಖ್ಯಸ್ಥರು ಅಕ್ಕನಿಗೆ ಹೇಳುವಾಗ ಇಬ್ಬರೂ ಮೆಟ್ಟಿಲ ಮೇಲೇ ಕೂತಿದ್ದರು. ನಗು ಬಂತು, ನಗುತ್ತ ನಗುತ್ತ ಅಕ್ಕನ ಕಣ್ಣಲ್ಲಿ ನೀರೂ ಬಂತು. ಟೀ ತಂದವರು ಗಾಬರಿಯಾಗಿ ಲೋಟಗಳನ್ನು ಅಲ್ಲೇ ಇಟ್ಟು ಹೋದರು. ಸಹಾಯದ ಗುಂಡಿಯ ಮಾತು ಅಲ್ಲಿಗೆ ಮುಗಿಯಿತು. ಹಲಗೆ ನಾಲ್ಕು ಬೆರಳಿನ ಸಮೇತ ಹೊಸ ಆಟಕ್ಕೆ ಹೋಗುತ್ತಿದೆ. ಹೊಳಪಿನ ಪರದೆಯಲ್ಲಿ ಗಾಳಿಯ ಮೇಲಿನ ಚಕ್ರ ಕಾಣದಿರಲು ಅಕ್ಕ ಹಲಗೆಯ ಎರಡೂ ಅಂಚಿಗೆ ಹುಲ್ಲು ಬೆಳೆಸಿದ್ದಾರೆ. ಗಾಳಿಗೆ ಓಲಾಡುವ ಆ ಹುಲ್ಲಿನ ಮರೆಯಲ್ಲಿ ಚಕ್ರ ಎಲ್ಲಿದೆ ಎಂದು ಬ್ರಹ್ಮನಿಗೂ ತಿಳಿಯದು. ಪ್ರೋಗ್ರಾಮಿನಲ್ಲಿ ಆ ಸಾಲಿನ ಪಕ್ಕ ಮುಖ್ಯಸ್ಥರು ಸ್ವತಃ ಬರೆದಿದ್ದಾರೆ, 'ಇದು ದೋಷ ಅಲ್ಲ. ಮುಟ್ಟಿದರೆ ಜಗಳ.'

ಅಕ್ಕ ಕೇಳಿದ್ದೆಲ್ಲ ನಡೆಯಿತು ಎಂದೇನಲ್ಲ. ಬಿದ್ದವನು ಆಚೀಚೆ ಕಣ್ಣಾಡಿಸುವುದನ್ನು ಹೊಸಬರು ಅರ್ಧಕ್ಕೆ ಕತ್ತರಿಸಿದ್ದಾರೆ, ಈಗಿನವರಿಗೆ ಅಷ್ಟು ಪುರುಸೊತ್ತಿಲ್ಲವಂತೆ. ನಾಯಿಯನ್ನು ಉಳಿಸಿಕೊಂಡಿದ್ದಾರೆ, ಆದರೆ ಅದಕ್ಕೆ ಕೊರಳಪಟ್ಟಿ ತೊಡಿಸಿದ್ದಾರೆ. "ಬೀದಿ ನಾಯಿಗೆ ಪಟ್ಟಿ ಯಾರು ಕಟ್ಟಿದ್ರೋ!" ಎಂದು ಅಕ್ಕ ದಿನಕ್ಕೊಮ್ಮೆಯಾದರೂ ಗೊಣಗುತ್ತಾರೆ.

ಅಪ್ಪನಿಗೆ ಹಲಗೆಯ ಗುಟ್ಟು ನಿಜಕ್ಕೂ ಗೊತ್ತಿರಲಿಲ್ಲವೇ? ಒಂದಂಗೈ ಜಾಗದಲ್ಲಿ ಬಸ್ಸು ತಿರುಗಿಸಿದ ಕಣ್ಣಿಗೆ ನಾಲ್ಕು ಬೆರಳು ಕಾಣದೇ ಹೋಯಿತೇ? ಈ ಪ್ರಶ್ನೆ ಅಕ್ಕನಿಗೆ ಹೊಸದಲ್ಲ. "ಎಷ್ಟೋ ಸಲ ನಾನೂ ಯೋಚನೆ ಮಾಡಿದ್ದೀನಿ. ಗೊತ್ತಿತ್ತೋ ಏನೋ. ಗೊತ್ತಿದ್ರೂ ಹೇಳೋ ಆಸಾಮಿ ಅಲ್ಲ ಅವರು."

ಮಾತು ಮುಗಿಸಿ ಏಳುವಾಗ ಅಕ್ಕ ಒಂದೇ ಒಂದು ಕೋರಿಕೆ ಮುಂದಿಡುತ್ತಾರೆ. ಹೆಸರಿನ ಮೇಲಿನ 'ಇತರೆ' ತೆಗೆಸಿ ಎಂದಲ್ಲ, ಫೋಟೊ ಹಾಕಿ ಎಂದಲ್ಲ. "ಬರೀರಿ, ಬೇಡ ಅನ್ನಲ್ಲ. ಆದ್ರೆ ಯಾವ ಆಟ ಅಂತ ಮಾತ್ರ ಬರೀಬೇಡಿ. ಆ ಹಲಗೆ ದಾಟಿದೋರು ಎಲ್ಲೆಲ್ಲಿದ್ದಾರೋ ಏನೋ. ಎಲ್ಲರಿಗೂ ಅಂಥ ಅಣ್ಣ ಇರಲ್ಲ."

ಹಾಗಾಗಿ ಈ ಬರಹದಲ್ಲಿ ಆಟದ ಹೆಸರಿಲ್ಲ. ಇಲ್ಲಿ ಬಂದ ಸೈಕಲ್ಲು ಸೈಕಲ್ಲೇ ಆಗಿರಬೇಕೆಂದಿಲ್ಲ, ಹಾಲು ಹಾಲೇ ಆಗಿರಬೇಕೆಂದಿಲ್ಲ, ಕಾಲುವೆಯ ಜಾಗದಲ್ಲಿ ಮತ್ತೇನೋ ಇದ್ದಿರಬಹುದು. ಅಪ್ಪನ ಕೈಯೊಂದನ್ನು ಮಾತ್ರ ಇದ್ದ ಹಾಗೆಯೇ ಬರೆದಿದೆ.

ಆದರೂ ಬೀಳ್ಕೊಳ್ಳುವ ಮುನ್ನ ಒಂದು ಮಾತು ಕೇಳದಿರಲಾಗುವುದಿಲ್ಲ. ಲಕ್ಷಾಂತರ ಜನ ತಮ್ಮದೇ ಕೈಚಳಕ ಎಂದುಕೊಂಡು ಹಿಗ್ಗಿದ್ದಾರಲ್ಲ, ಒಂದು ದಿನವೂ "ಅದು ನಾನು" ಎಂದು ಹೇಳಬೇಕು ಅನ್ನಿಸಲಿಲ್ಲವೇ? ಅಕ್ಕ ಮೈಕಿನ ತಂತಿಯನ್ನು ಸುತ್ತುತ್ತ ತಲೆಯಾಡಿಸುತ್ತಾರೆ.

"ದಾಟಿದೋರು ಅವರೇ ಕಣ್ರೀ. ನಾನು ಬೀಳಿಸ್ಲಿಲ್ಲ, ಅಷ್ಟೇ."